ನಮ್ಮ ಬೀದಿಯ ತಾರಾಕ್ಷಿ

ನಂಜನಗೂಡು, ೧೯೧೨ ಸೆಪ್ಟೆಂಬರ್ ೪, ಬುಧವಾರ

ಎದುರು ಮನೆಯ ಸಿದ್ದಲಿಂಗಮ್ಮನವರು ಇವತ್ತು ಪತ್ರಿಕೆಗೆ ಉಗಿದರು. ಸುಮ್ಮನೆ ಮಾತಿಗೆ ಬರೆಯುತ್ತಿಲ್ಲ. ಎಲೆಯಡಿಕೆ ತುಂಬಿದ ಬಾಯಿಂದ ನಿಜವಾಗಿಯೇ ಉಗಿದರು.

"ಅವಳ ಎಸ್ರು ಎಲ್ಲದೆ? ಬೆರಳು ಮಡುಗಿ ತೋರ್ಸು ಅಮ್ಮಣ್ಣಿ" ಅಂದರು. ಅವರಿಗೆ ಅಕ್ಷರ ಬಾರದು. ಪಾಪ, ನೋಡುವ ಆಸೆಯಿರಬೇಕು ಎಂದುಕೊಂಡು 'ತಾರಾಕ್ಷಿ' ಎಂದು ಅಚ್ಚಾದ ಕಡೆ ಬೆರಳಿಟ್ಟೆ. ಬೆರಳು ತೆಗೆಯುವಷ್ಟೂ ಪುರುಸೊತ್ತು ಕೊಡಲಿಲ್ಲ. ಥೂ! ಕಾಗದವೂ ಕೆಂಪು, ನನ್ನ ಬೆರಳೂ ಕೆಂಪು. ಜಗಲಿಯ ಮೇಲಿದ್ದ ಹೆಂಗಸರೆಲ್ಲ ಸರಿಯಾಗಿ ಮಾಡಿದಿರಿ ಎನ್ನುವಂತೆ ತಲೆಯಾಡಿಸಿದರು. ನಾನು ಕಾಗದ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು. ಬೆರಳನ್ನು ಬಿಟ್ಟು ಮೊದಲು ಕಾಗದವನ್ನು ಸೆರಗಿನಿಂದ ಒರೆಸಿದೆ.

ತಿಂಗಳಿಗೊಮ್ಮೆ ಮೈಸೂರಿನಿಂದ ಬರುವ ಈ ಪತ್ರಿಕೆಯ ಧಾರಾವಾಹಿಯನ್ನು ಮಧ್ಯಾಹ್ನದ ಹೊತ್ತು ಬೀದಿಯ ಹೆಂಗಸರಿಗೆ ಓದಿ ಹೇಳುವುದು ನನ್ನ ಕೆಲಸವಾಗಿದೆ. ಸೋಮಶೇಖರನಿಗೂ ಕುಮುದಿನಿಗೂ ಪ್ರೀತಿ. ನಡುವೆ ಅಡ್ಡಬಂದವಳು ತಾರಾಕ್ಷಿ, ಸೋಮಶೇಖರನ ಸೋದರತ್ತೆಯ ಮಗಳು. ಅವನಿಗೂ ಅವಳಿಗೂ ಚಿಕ್ಕಂದಿನಲ್ಲೇ ಮದುವೆಗೆಂದು ವೀಳ್ಯ ಆಗಿತ್ತು. ಈ ತಿಂಗಳು ಕುಮುದಿನಿಗೆ ಜ್ವರ. ತಾರಾಕ್ಷಿ ಹಾಲು ತಂದುಕೊಟ್ಟಳು. ಕುಮುದಿನಿ ಕುಡಿದು ಮೂರ್ಛೆ ಹೋದಳು. ಅಲ್ಲಿಗೆ ನಿಲ್ಲಿಸಿದ್ದಾನೆ ಪುಣ್ಯಾತ್ಮ.

"ಉಮ್ಮತ್ತಿ ಬೆರ್ಸವ್ಳೆ ಆಲ್ಗೆ! ಅವಳ ಕೈಗ್ ಉಳ ಬೀಳ!" ಹೀಗೆ ಎಲ್ಲರಿಗಿಂತ ಜೋರಾಗಿ ಶಾಪ ಹಾಕಿದವಳು ನನ್ನ ಬಾಣಂತನಕ್ಕೆ ಬಂದಿರುವ ರುದ್ರಮ್ಮ. ನನ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ಕುಮುದಿನಿಗಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು ಕೂಡ.

ತಾರಾಕ್ಷಿಯ ಮಾತು ಬಂದಾಗ ನಾನು ರಾಗ ಎಳೆದು ಓದುತ್ತೇನೆ, ಎಲ್ಲರೂ ನಗುತ್ತಾರೆ. ಇವತ್ತು ಪಕ್ಕದ ಮನೆಯ ಮಲ್ಲಾಜಮ್ಮ, "ಥೇಟು ಮೂಗೂರ್ ಕಡೆ ಮಾತು ಕಣವ್ವ!" ಎಂದರು. ನನಗೆ ಹಾಗೇನೂ ಅನ್ನಿಸಲಿಲ್ಲ.

ಸೆಪ್ಟೆಂಬರ್ ೭, ಶನಿವಾರ

ಇವರು ನರಸೀಪುರದಿಂದ ಬಂದಿದ್ದಾರೆ. ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಆ ಊರಲ್ಲಿ ಚಳಿಜ್ವರ, ಕೂಸಿರುವವರು ಬರುವುದು ಬೇಡ ಎಂದು ನಮ್ಮನ್ನು ಇಲ್ಲೇ ಇಟ್ಟಿದ್ದಾರೆ. ಬಂದಾಗೆಲ್ಲ ಬೀದಿಗೆ ಒಂದು ಸಡಗರ.

"ಸೋಮಶೇಖ್ರ ಬಂದ ಕಣ್ರವ್ವಾ!" ಎಂದು ಮಲ್ಲಾಜಮ್ಮ ಕೂಗಿದರು. ನಾಲ್ಕು ಬಾಗಿಲು ತೆರೆದವು. ಸಾಯಂಕಾಲ ಇಬ್ಬರೂ ಹೊಳೆಯ ಕಡೆ ಹೊರಟರೆ ಹೆಂಗಸರು ಕೆಲಸ ಬಿಟ್ಟು ನಿಂತರು. ಗಂಡಹೆಂಡತಿ ಜೊತೆಯಲ್ಲಿ ನಡೆದುಹೋಗುವುದೇ ಅವರಿಗೆ ಒಂದು ನಾಟಕ. ನಮ್ಮ ಕಥೆಯೂ ಅವರಿಗೆ ಬಾಯಿಪಾಠ. ಕಾಲೇಜಿನ ಹುಡುಗಿಯನ್ನು ಮೆಚ್ಚಿ, ಒಪ್ಪಿದ ಸಂಬಂಧ ಬಿಟ್ಟು, ತಂದೆಯ ಎದುರು ನಿಂತು ಇವರು ಮದುವೆಯಾದದ್ದು. ಸುಳ್ಳು ಹೇಳಲಾರೆ, ಕೇಳಲು ಚೆನ್ನಾಗಿರುತ್ತದೆ.

ಆ ಬಿಟ್ಟ ಸಂಬಂಧ ರುದ್ರಮ್ಮ. ಇವರ ಮೂಗೂರಿನ ಸೋದರತ್ತೆಯ ಮಗಳು. ವೀಳ್ಯ ಮುರಿದ ಹೆಣ್ಣು ಎಂದು ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ನನಗೆ ತಾಯಿಯಿಲ್ಲ. ಬಾಣಂತನಕ್ಕೆ ಆ ಮೂಗೂರಿನ ಅತ್ತೆಯೇ ಮಗಳನ್ನು ಕಳಿಸಿದರು. ನನಗೆ ಹಾಲು ಸಾಲದೆ ಕೂಸಿಗೆ ಹಸುವಿನ ಹಾಲು. ಅದನ್ನು ಮೂತಿಯಿರುವ ಪುಟ್ಟ ಒಳಲೆಯಲ್ಲಿ ಕುಡಿಸುವ ಹದ ಅವಳಿಗೇ ಗೊತ್ತು.

"ಅಲ್ಲ ಅಮ್ಮಣ್ಣಿ, ಆ ಮೂಗೂರೋಳ್ನ ಮನೇಲ್ ಮಡಿಕಂಡಿದ್ದೀಯಲ್ಲ, ನಿಂಗೆ ಬುದ್ಧಿ ಅದಾ?" ಎಂದು ಸಿದ್ದಲಿಂಗಮ್ಮ ಇವತ್ತು ನನ್ನ ಕಿವಿಯಲ್ಲಿ ಕೇಳಿದರು. "ಬಾವಾ ಬಾವಾ ಅಂತ ಬಡಿಸ್ತಾಳೆ. ತಾರಾಕ್ಷೀನೂ ಇಂಗೇ ಅಲ್ವಾ ಶುರು ಮಾಡಿದ್ದು?"

"ಅದು ಕಥೆ, ಸಿದ್ದಲಿಂಗಮ್ಮ" ಎಂದೆ, ಗಟ್ಟಿಯಾಗಿಯೇ. ಅಕ್ಷರ ಬಾರದವರ ಪಾಡು ಇದು. ಕಥೆ ಯಾವುದು ಮನೆ ಯಾವುದು ತಿಳಿಯುವುದಿಲ್ಲ. ಇವರಿಗೆ ಹೇಳಿ ನಗಿಸಿದೆ.

ಸೆಪ್ಟೆಂಬರ್ ೧೦, ಮಂಗಳವಾರ

ಇವರು ಹೋದರು. ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೂಸು ಉಸಿರಾಡುತ್ತಿಲ್ಲ ಅನ್ನಿಸುತ್ತದೆ. ಎದ್ದು ಮೂಗಿನ ಬಳಿ ಬೆರಳಿಡುತ್ತೇನೆ, ಕೂಸು ಬೆಚ್ಚಿ ಅಳುತ್ತದೆ, ರುದ್ರಮ್ಮ ಎದ್ದು ಬಂದು ಎತ್ತಿಕೊಳ್ಳುತ್ತಾಳೆ. ಅವಳ ಹೆಗಲ ಮೇಲೆ ಎಷ್ಟು ಬೇಗ ಮಲಗುತ್ತದೆ!

ಬೆಳಿಗ್ಗೆ ಕುಡಿದ ಹಾಲೆಲ್ಲ ಕಕ್ಕಿತು. ರುದ್ರಮ್ಮ ಮತ್ತೆ ಕಾಯಿಸಿ ತಂದಳು. ನಾನು ಲೋಟ ತೆಗೆದುಕೊಂಡು ಮೂಸಿ ನೋಡಿದೆ. ಒಡೆದಿದೆಯೋ ಏನೋ ಎಂದು, ಅಷ್ಟೇ. ಬೆಳಕಿಗೆ ಹಿಡಿದೂ ನೋಡಿದೆ. ರುದ್ರಮ್ಮ ಕೈ ಚಾಚಿಕೊಂಡು ನಿಂತೇ ಇದ್ದಳು.

"ಏನಮ್ಮಣ್ಣೀ, ಕೆಟ್ಟದಾ?"

"ಇಲ್ಲ" ಎಂದೆ.

ಸೆಪ್ಟೆಂಬರ್ ೧೩, ಶುಕ್ರವಾರ

ಇವತ್ತು ಕಣ್ಣಾರೆ ಕಂಡೆ. ಕೂಸಿನ ಹಾಲನ್ನು ರುದ್ರಮ್ಮ ತಾನೊಂದು ಗುಟುಕು ಕುಡಿದಳು! ನಾನು ಒಳಗೆ ಬಂದದ್ದು ಅವಳಿಗೆ ಗೊತ್ತು. ಆದರೂ ನಾಚಿಕೆಯಿಲ್ಲದೆ ಲೋಟ ಎತ್ತಿ ಕುಡಿದು, ಉಳಿದದ್ದನ್ನು ಒಳಲೆಗೆ ಬಗ್ಗಿಸಿದಳು. ಮನೆಯಲ್ಲಿ ತಿನ್ನಲು ಉಣ್ಣಲು ಕಡಿಮೆ ಮಾಡಿದ್ದೇನೆಯೇ? ಅವಳಿಗೆ ಏನೂ ಹೇಳಲಿಲ್ಲ.

ಸಿದ್ದಲಿಂಗಮ್ಮನವರಿಗೆ ಮಾತ್ರ ಹೇಳಿದೆ, ನಗುವುದಕ್ಕೆಂದು. ಅವರು ನಗಲಿಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಹೊಳೆಯ ಮೆಟ್ಟಿಲಲ್ಲಿ ಸಿದ್ದಲಿಂಗಮ್ಮನೂ ಇನ್ನಿಬ್ಬರೂ ಸೇರಿ ರುದ್ರಮ್ಮ ತುಂಬಿದ್ದ ಬಿಂದಿಗೆಯನ್ನು ಒದ್ದು ಉರುಳಿಸಿದರಂತೆ. "ತಾರಾಕ್ಷಿ ಮುಟ್ಟಿದ್ ನೀರು ನಮ್ ಅಮ್ಮಣ್ಣಿ ಮನೆಗ್ ಬೇಡ" ಎಂದರಂತೆ. ಮಲ್ಲಾಜಮ್ಮ ಇದನ್ನು ತಮಾಷೆ ಎಂಬಂತೆ ನನ್ನ ಮುಂದೆಯೇ ಹೇಳಿದರು. "ನಿನ್ ಪರವಾಗೇ ಅಲ್ವಾ ಕಣವ್ವ ನಾವಿರೋದು!" ಎಂದು ಬೆನ್ನು ತಟ್ಟಿದರು.

ರುದ್ರಮ್ಮ ಒದ್ದೆಯಾಗಿ, ನಗ್ಗಿದ ಬಿಂದಿಗೆ ಹಿಡಿದು ಬಂದವಳು, "ಕಾಲ್ ಜಾರ್ತು" ಎಂದಳು.

ಎಂಥ ಜನ! ಅಚ್ಚಿನ ಮೇಲೆ ಉಗಿಯುವವರು ಮನುಷ್ಯರ ಮೇಲೂ ಉಗಿದಾರು. ಹೋಗಿ ಚೆನ್ನಾಗಿ ಕೇಳಿಬಿಡೋಣ ಎಂದು ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ಕೂಸು ಅತ್ತಿತು.

ಒಂದು ಒಳ್ಳೆಯ ಸುದ್ದಿ. ಸೋಮವಾರ ಬನ್ನೂರಿನವರು ರುದ್ರಮ್ಮನನ್ನು ನೋಡಲು ಬರುತ್ತಾರೆ. ಸ್ವಾಮಿ ದರ್ಶನಕ್ಕೆ ಬರುವವರು ಹಾಗೆಯೇ ನಮ್ಮ ಮನೆಯಲ್ಲಿ ಹೆಣ್ಣು ನೋಡಿಹೋಗುತ್ತಾರಂತೆ. ಹುಡುಗನ ಹೆಸರು ನಿಂಗರಾಜು. ಗದ್ದೆ, ಕಬ್ಬು, ಸ್ವಂತ ಗಾಣ ಇದೆ. ವೀಳ್ಯ ಮುರಿದ ವಿಚಾರ ಗೊತ್ತಿದ್ದೂ ಬರುತ್ತಿದ್ದಾರೆ. ಮೂಗೂರಿನ ಅತ್ತೆ ಹೇಳಿಕಳಿಸಿದ್ದಾರೆ, ಇದೂ ತಪ್ಪಿದರೆ ಇನ್ನು ಯಾರೂ ಬರುವುದಿಲ್ಲ ಎಂದು. ರುದ್ರಮ್ಮ ಹಿತ್ತಿಲಲ್ಲಿ ಬಿಂದಿಗೆಯ ನಗ್ಗನ್ನು ಒಳಗಿನಿಂದ ಗುದ್ದಿ ಸರಿಮಾಡುತ್ತ ಏನನ್ನೋ ಗುನುಗುತ್ತಿದ್ದಾಳೆ. ಅವಳು ಹಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಸೆಪ್ಟೆಂಬರ್ ೨೩, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಹುಡುಗನ ಅಜ್ಜಿ ಸಣ್ಣತಾಯಮ್ಮನವರು, ಹುಡುಗ, ಅವನ ಅಕ್ಕ ಬಂದರು. ನನ್ನ ನೀಲಿ ಸೀರೆಯನ್ನು ರುದ್ರಮ್ಮನಿಗೆ ಉಡಿಸಿದ್ದೆ. ಚೆನ್ನಾಗಿ ಕಾಣುತ್ತಿದ್ದಳು. ಹುಡುಗ ಒಂದು ಸಲ ನೋಡಿ, ತಲೆ ತಗ್ಗಿಸಿ, ಮತ್ತೆ ಕದ್ದು ನೋಡಿದ. ಅಜ್ಜಿ, "ಏನವ್ವ, ಗಾಣದ ಎತ್ತು ಒಡಿಯಕ್ ಬತ್ತದಾ?" ಎಂದು ಕೇಳಿದರು. ರುದ್ರಮ್ಮ, "ಎತ್ತು ಮಾತ್ ಕೇಳೋದಾದ್ರೆ ಬತ್ತದೆ" ಎಂದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಎಲ್ಲ ಅಷ್ಟು ಚೆನ್ನಾಗಿತ್ತು.

ಜಗಲಿಯ ತುಂಬ ನಮ್ಮ ಬೀದಿಯ ಹೆಂಗಸರು. ಅಜ್ಜಿ ಕೈ ತೊಳೆಯಲು ಹೊರಗೆ ಹೋದರು. ನಾನು ಬಾಗಿಲ ಒಳಗಿನಿಂದ ನೋಡುತ್ತಿದ್ದಂತೆಯೇ ಸಿದ್ದಲಿಂಗಮ್ಮ ಹೇಳಿಬಿಟ್ಟರು.

"ನೋಡ್ಕಂಡ್ ಮಾಡ್ಕಳಿ ಅಜ್ಜೀ. ಇವಳು ನಮ್ ಬೀದಿ ತಾರಾಕ್ಷಿ."

"ತಾರಾಕ್ಷಿ ಅಂದ್ರೆ? ರುದ್ರಮ್ಮ ಅಂದ್ರಲ್ಲ?"

"ಅದ್ ಮನೇಲ್ ಕರೆಯೋ ಎಸ್ರು. ಬಾವನ ಮ್ಯಾಗೆ ಇವಳಿಗೆ ಕಣ್ಣು. ಅವನ ಎಂಡ್ತಿಗೆ ಆಲಲ್ಲಿ ಉಮ್ಮತ್ತಿ ಆಕ್‌ಕೊಟ್ಟು ಮೂರ್ಛೆ ಕೆಡವಿದ್ಲು, ಗೊತ್ತಾ? ಊರ್ಗೇ ಗೊತ್ತದೆ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಕಥೆಯಲ್ಲಿ ಆದದ್ದನ್ನು ಕಂಡವರ ಹಾಗೆ ಹೇಳುತ್ತಿದ್ದರು. ಉಳಿದವರು ಹೌದು ಹೌದು ಎಂದರು. ಬನ್ನೂರಿನವರಿಗೆ ಕಥೆಯೂ ಗೊತ್ತಿಲ್ಲ, ಪತ್ರಿಕೆಯೂ ಗೊತ್ತಿಲ್ಲ.

ಅಜ್ಜಿ ಒದ್ದೆ ಕೈಯಲ್ಲೇ ಒಳಗೆ ಬಂದು ನನ್ನ ಮುಂದೆ ನಿಂತರು. "ಏನವ್ವ, ಬಾವನ ಎಂಡ್ತಿ ಅಂದ್ರೆ ನೀನೇ ತಾನೆ? ನೀನೇ ಬಾಯ್ಬುಟ್ಟು ಏಳು. ಇವಳ ಕೈಲಿ ಆಲು ಕುಡಿಯಕ್ಕೆ ನಿಂಗೆ ಭಯ ಅದಾ?"

ಇಲ್ಲ ಎಂದು ಹೇಳಬೇಕಿತ್ತು. ಒಂದೇ ಮಾತು. ನಾಲಿಗೆಯ ಮೇಲೆ ಇತ್ತು. ಅದೇ ಗಳಿಗೆಯಲ್ಲಿ ಆ ಲೋಟ ಕಣ್ಣ ಮುಂದೆ ಬಂತು, ಬೆಳಕಿಗೆ ಹಿಡಿದ ಲೋಟ. ರುದ್ರಮ್ಮ ನನ್ನನ್ನೇ ನೋಡುತ್ತಿದ್ದಳು. ಅಜ್ಜಿ ನನ್ನ ಬಾಯಿ ನೋಡುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

"ಸರಿ ಬುಡು" ಎಂದರು ಅಜ್ಜಿ.

ತಾಂಬೂಲ ಮುಟ್ಟದೆ ಹೋದರು. ಹುಡುಗ ಗಾಡಿ ಹತ್ತುವಾಗ ಹಿಂದಕ್ಕೆ ತಿರುಗಿ ನೋಡಿದ. ರುದ್ರಮ್ಮ ಹಿತ್ತಿಲಲ್ಲಿದ್ದಳು.

ನಾನು ಏನೂ ಹೇಳಲಿಲ್ಲ. ಆ ಹೆಂಗಸರು ಹೇಳಿದ್ದು. ನಾನು ಒಂದು ಮಾತೂ ಆಡಲಿಲ್ಲ.

ಸೆಪ್ಟೆಂಬರ್ ೨೪, ಮಂಗಳವಾರ

ರುದ್ರಮ್ಮ ಊರಿಗೆ ಹೋದಳು. ನೀಲಿ ಸೀರೆ ಒಗೆದು ಮಡಿಸಿ ಇಟ್ಟಿದ್ದಾಳೆ.

ಸೆಪ್ಟೆಂಬರ್ ೨೭, ಶುಕ್ರವಾರ

ಕೂಸು ಹಾಲು ಕುಡಿಯುತ್ತಿಲ್ಲ. ಒಳಲೆಯ ಮೂತಿ ತುಟಿಗೆ ತಗುಲಿಸಿದರೆ ಬಾಯಿ ಬಿಗಿಹಿಡಿದು ನನ್ನ ಮುಖ ನೋಡುತ್ತದೆ. ಏನನ್ನೋ ಕಾಯುವ ಹಾಗೆ. ಆಮೇಲೆ ಅಳು. ಹತ್ತಿಯ ಬತ್ತಿಯನ್ನು ಹಾಲಿಗೆ ಅದ್ದಿ ಬಾಯಿಗೆ ಹಿಂಡುತ್ತಿದ್ದೇನೆ. ಬೇರೆ ಹಸುವಿನ ಹಾಲು ತರಿಸಿ ನೋಡಿದೆ. ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಎನ್ನುತ್ತಾರೆ. ಮತ್ತೆ ಯಾಕೆ?

ಸಿದ್ದಲಿಂಗಮ್ಮ ದಿನಾ ಬಂದು, "ಪೀಡೆ ತೊಲಗ್ತಲ್ಲ, ಇನ್ನು ಎಲ್ಲಾ ಸರೋಯ್ತದೆ" ಎನ್ನುತ್ತಾರೆ. ದೃಷ್ಟಿ ತೆಗೆಯುತ್ತಾರೆ. ಕೂಸಿನ ತೊಡೆ ಸಡಿಲವಾಗುತ್ತಿದೆ.

ಅಕ್ಟೋಬರ್ ೫, ಶನಿವಾರ

ಪತ್ರಿಕೆ ಬಂತು. ಓದುವ ಮನಸ್ಸಿರಲಿಲ್ಲ. ಆದರೂ ಜಗಲಿ ತುಂಬಿತು, ಓದಿದೆ.

ತಾರಾಕ್ಷಿ ನಿರಪರಾಧಿ! ಹಾಲಿಗೆ ವಿಷ ಬೆರೆಸಿದವನು ಕುಮುದಿನಿಯ ಚಿಕ್ಕಪ್ಪ, ಆಸ್ತಿಗಾಗಿ. ತಾರಾಕ್ಷಿಗೆ ಏನೂ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಕುಮುದಿನಿಯನ್ನು ಉಳಿಸಲು ಕತ್ತಲಲ್ಲಿ ಹೊಳೆ ದಾಟಿ ವೈದ್ಯರನ್ನು ಕರೆತಂದವಳೂ ಅವಳೇ. ಈಗಲಾದರೂ ಈ ಹೆಂಗಸರಿಗೆ ನಾಚಿಕೆಯಾಗುತ್ತದೆ ಎಂದುಕೊಂಡೆ.

ಸಿದ್ದಲಿಂಗಮ್ಮ ಅಂದರು, "ಸುಳ್ಳು."

"ಸುಳ್ಳು ಅಂದರೆ? ಇಲ್ಲಿ ಬರೆದಿದೆ."

"ಬರೆದೋನ್ಗೇನ್ ಗೊತ್ತು ಅವಳ ವಿಚಾರ? ಅವನು ಗಂಡಸು. ಅತ್ತುಬುಟ್ಟಿರ್ತಾಳೆ ಅವನ ಮುಂದೆ, ನಂಬ್ಬುಟ್ಟವ್ನೆ."

"ಇಲ್ಲಾ ಅಂದ್ರೆ" ಎಂದರು ಮಲ್ಲಾಜಮ್ಮ ನನ್ನನ್ನು ಒಂಥರಾ ನೋಡುತ್ತ, "ಅಮ್ಮಣ್ಣೀನೇ ಬದ್ಲಾಯ್ಸಿ ಓದ್ತಾವ್ಳೆ. ಆ ಮೂಗೂರೋಳ ಮ್ಯಾಗೆ ಕನಿಕರ ಬಂದು."

ಅಕ್ಷರಕ್ಕೆ ಅಕ್ಷರ ಓದಿದ್ದೇನೆ ಎಂದು ಆಣೆ ಮಾಡಿದೆ. ಯಾರೂ ನಂಬಲಿಲ್ಲ. ಎದ್ದು ಸೀರೆ ಕೊಡವಿಕೊಂಡು ಹೋದರು. ಮಲ್ಲಾಜಮ್ಮ ನಮ್ಮ ಮನೆಯ ಹೊಸಿಲ ಹತ್ತಿರ ಎಲೆಯಡಿಕೆ ಉಗಿದು ಹೋದರು. ಬೇಕೆಂದೋ ಮರೆತೋ ತಿಳಿಯದು.

ನಾನು ಪತ್ರಿಕೆ ಹಿಡಿದು ಕೂತೇ ಇದ್ದೆ. ಕಳೆದ ತಿಂಗಳದ್ದನ್ನೂ ತೆಗೆದು ನೋಡಿದೆ. ಅದರಲ್ಲೂ ತಾರಾಕ್ಷಿ ವಿಷ ಹಾಕಿದಳು ಎಂದು ಎಲ್ಲಿಯೂ ಇಲ್ಲ. 'ಹಾಲು ತಂದುಕೊಟ್ಟಳು' ಎಂದಿದೆ. ಅಷ್ಟೇ. ನಾನೂ ಅದನ್ನು ವಿಷವೆಂದೇ ಓದಿಕೊಂಡಿದ್ದೆ, ಕಾಲೇಜಿನಲ್ಲಿ ಎಫ್.ಎ. ಓದಿದವಳು.

ನರಸೀಪುರ, ಅಕ್ಟೋಬರ್ ೮, ಮಂಗಳವಾರ

ಇಲ್ಲಿ ಜ್ವರ ಇದ್ದರೆ ಇರಲಿ ಎಂದು ಗಾಡಿ ಮಾಡಿಕೊಂಡು ಬಂದುಬಿಟ್ಟೆ. ಕೂಸನ್ನು ನೋಡಿ ಇವರ ಮುಖ ಬಿಳಚಿಕೊಂಡಿತು. ದಾರಿಯಲ್ಲಿ ಯೋಚಿಸಿಟ್ಟುಕೊಂಡ ಹಾಗೆ ಬನ್ನೂರಿನವರ ವಿಚಾರ ಹೇಳಿದೆ, ಹೆಂಗಸರು ಆಡಿದ್ದು, ಅಜ್ಜಿ ಕೇಳಿದ್ದು.

"ನೀನೇನಂದೆ?" ಎಂದು ಕೇಳಿದರು.

"ನಾನೇನೂ ಅನ್ನಲಿಲ್ಲ."

ಇವರು ಕೂಸಿನ ಕಾಲು ನೀವುತ್ತ, "ವೀಳ್ಯ ಮುರಿದಾಗ ಅವಳ ಹತ್ತಿರ ನಾನೂ ಏನೂ ಅನ್ನಲಿಲ್ಲ" ಎಂದರು. ನಾಳೆ ಮೂಗೂರಿಗೆ ಹೋಗುತ್ತೇವೆ.

ಮೂಗೂರು, ಅಕ್ಟೋಬರ್ ೯, ಬುಧವಾರ

ಅತ್ತೆ ನಮ್ಮನ್ನು ಕಂಡು ಮುಖ ತಿರುಗಿಸಿ ಒಳಗೆ ಹೋದರು. ರುದ್ರಮ್ಮ ಬಣವೆಯ ಕಡೆಯಿಂದ ಬಂದವಳು ಹುಲ್ಲು ಕೆಳಗೆ ಹಾಕಿ ಕೂಸನ್ನು ಕಿತ್ತುಕೊಂಡಳು. "ಅಯ್ಯೋ ನನ್ನಪ್ಪಾ, ಇದೇನ್ ಕಡ್ಡಿ ಆಗೋಗಿದ್ದೀಯ! ಯಾರ್ಲಾ ನಿನ್ ಕೂಳು ಕಿತ್ಕಂಡೋರು?"

ನಾನು ಹೇಳಲು ಬಂದದ್ದನ್ನು ಶುರು ಮಾಡಿದೆ. "ರುದ್ರಮ್ಮ, ಆ ದಿನ ನಾನು ಏನೂ..." ಅವಳು ಕೇಳಿಸಿಕೊಳ್ಳಲಿಲ್ಲ. ಹಾಲು ಕಾಯಿಸಿ ತಂದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡಳು. ನಾನು ಎದುರಿಗೆ ಕೂತೆ.

ಕೂಸು ಬಾಯಿ ಬಿಗಿಹಿಡಿದೇ ಇತ್ತು. ಅವಳ ಮುಖ ನೋಡುತ್ತಿತ್ತು. ರುದ್ರಮ್ಮ ನನ್ನ ಕಡೆ ನೋಡಿದಳು, ನಾನು ನೋಡುತ್ತಿದ್ದೇನೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ. ಲೋಟ ಎತ್ತಿ ತಾನೊಂದು ಗುಟುಕು ಕುಡಿದಳು. ಗಂಟಲು ಇಳಿಯುವುದು ಕಾಣುವಂತೆ ಕತ್ತೆತ್ತಿ ನುಂಗಿದಳು. ಕೂಸು ಅದನ್ನು ಕಂಡದ್ದೇ ಕಿಲಕಿಲ ಎಂದು ಬಾಯಿ ತೆರೆಯಿತು. ಒಳಲೆ ಬರಿದಾಯಿತು. ಮತ್ತೆ ಗುಟುಕು, ಮತ್ತೆ ಒಳಲೆ.

ಮತ್ತೆ ಲೋಟ ಎತ್ತುವವಳ ಕೈ ಹಿಡಿದೆ.

"ಯಾವತ್ತಿನಿಂದ?" ಎಂದೆ.

"ಏನಮ್ಮಣ್ಣೀ?"

"ಈ ಗುಟುಕು. ಯಾವತ್ತಿನಿಂದ ಕುಡಿದು ತೋರಿಸ್ತಿದ್ದೀಯ?"

ಅವಳು ಕೂಸಿನ ಗಲ್ಲ ಒರೆಸಿದಳು. "ನೀವು ಮೂಸ್ ನೋಡಿದ್ರಲ್ಲ, ಅವತ್ತಿಂದ." ಕೋಪವಿರಲಿಲ್ಲ. "ನಿದ್ದೆ ಇಲ್ದೆ ಒದ್ದಾಡ್ತಿದ್ರಿ. ಇನ್ನ ಇದೊಂದ್ ಭಯ ಯಾಕೆ ಅಂತ. ಬಾಯ್ಬುಟ್ಟು ಏಳಿದ್ರೆ ನಿಮಗೇ ನಾಚ್ಕೆ ಆಯ್ತಿತ್ತು. ಮಗೀಗೆ ಅದೊಂದು ಆಟ ಆಗೋಯ್ತು ನೋಡಿ."

ಆ ಗುಟುಕನ್ನು ನಾನು ಕಳ್ಳತನವೆಂದು ಎದುರು ಮನೆಗೆ ಹೇಳಿಬಂದಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ಪತ್ರಿಕೆ ಬಂತಾ? ಕುಮುದಿನಿ ಬದುಕಿದ್ಲಾ?"

"ಬದುಕಿದಳು."

"ಸದ್ಯ! ಆ ಮುಂಡೇದು ತಾರಾಕ್ಷಿಗೇನಾಯ್ತು?"

ಬರಿದಾದ ಒಳಲೆ ತೊಳೆಯಲು ಎದ್ದೆ. ಕೂಸು ಅವಳ ಹೆಗಲ ಮೇಲೆ ಮಲಗಿತು. ನಾನೂ ಗೋಡೆಗೆ ಒರಗಿ ನಿದ್ದೆಹೋದವಳು ಎದ್ದಾಗ ದೀಪ ಹಚ್ಚಿದ್ದರು.

ಅಕ್ಟೋಬರ್ ೧೧, ಶುಕ್ರವಾರ

ಬನ್ನೂರಿಗೆ ಹೋಗಿಬಂದೆವು, ಇವರು, ನಾನು, ಕೂಸು. ಪತ್ರಿಕೆಗಳನ್ನು ಒಯ್ಯಬೇಕೆಂದು ಮೊದಲು ಗಂಟು ಕಟ್ಟಿದ್ದೆ, ತಾರಾಕ್ಷಿ ಬರಿಯ ಕಥೆ ಎಂದು ತೋರಿಸಲು. ಹೊರಡುವಾಗ ಬಿಟ್ಟೆ. ಅಜ್ಜಿ ಕೇಳಿದ್ದಕ್ಕೆ ಅದರಲ್ಲಿ ಉತ್ತರವಿಲ್ಲ.

ಸಣ್ಣತಾಯಮ್ಮನವರು ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ. "ಅಜ್ಜೀ, ಅವಳು ಹಾಲಿಗೆ ಏನೂ ಹಾಕಲಿಲ್ಲ. ಮೂಸಿ ನೋಡಿದವಳು ನಾನು. ನೀವು ಕೇಳಿದಾಗ ಭಯ ಇತ್ತು, ಅದಕ್ಕೆ ಬಾಯಿ ಬರಲಿಲ್ಲ. ತಪ್ಪು ಅವಳದಲ್ಲ, ಭಯ ನನ್ನದು." ಆಮೇಲೆ ಗುಟುಕಿನ ವಿಚಾರ ಹೇಳಿದೆ. ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

ಅಜ್ಜಿ ಬಾಯಾಡಿಸುವುದನ್ನು ನಿಲ್ಲಿಸಿದರು.

"ಅವಳ್ ಮುಂದೇನೇ ಮೂಸ್ ನೋಡ್ದೆಯಾ?"

"ಹೂಂ."

"ಆದ್ರೂ ಆಲ್ ಕುಡಿಸ್ತಾನೇ ಇದ್ಲಾ?"

"ಹೂಂ."

"ಲೇ ನಿಂಗರಾಜಾ" ಎಂದು ಕೂಗಿದರು. ಅವನು ಬಾಗಿಲ ಹಿಂದೆಯೇ ಇದ್ದ ಎಂದು ಕಾಣುತ್ತದೆ, ಕೂಡಲೇ ಬಂದ. "ಬರೋ ವಾರ ಮೂಗೂರ್ಗೆ ಓಗವಾ. ಆ ನಂಜನಗೂಡಿನ್ ಬೀದಿ ಮಾತ್ರ ಬ್ಯಾಡ." ಅವನು ನಮ್ಮ ಗಾಡಿಯ ಎತ್ತುಗಳಿಗೆ ನೀರಿಡಲು ಓಡಿದ.

ಬರುವಾಗ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಕೂಸಿಗೆ ಹಸಿವು. ರುದ್ರಮ್ಮ ತಂಬಿಗೆಯಲ್ಲಿ ಹಾಲು ಕಳಿಸಿದ್ದಳು. ಲೋಟಕ್ಕೆ ಬಗ್ಗಿಸಿ, ಒಳಲೆ ತುಂಬಿ, ತುಟಿಗೆ ಇಟ್ಟೆ. ಕೂಸು ಬಾಯಿ ಬಿಗಿಹಿಡಿದು ನನ್ನ ಮುಖವನ್ನೇ ನೋಡಿತು.

ಲೋಟ ಎತ್ತಿ ಒಂದು ಗುಟುಕು ಕುಡಿದೆ. ಅದಕ್ಕೆ ಕಾಣಲಿ ಎಂದು ಕತ್ತೆತ್ತಿ ನುಂಗಿದೆ.

ಬಾಯಿ ತೆರೆಯಿತು.